ಬರ್ಮಿಂಗ್‌ಹ್ಯಾಮಿನ ಓಣಿ ಮತ್ತು ನಮ್ಮ ಗಿರಣಿಯ ದಾರಿ

(ಸಂಘದ ವಾರ್ಷಿಕೋತ್ಸವದ ಸಾಹಿತ್ಯಗೋಷ್ಠಿಯಲ್ಲಿ, ಸೊಲ್ಲಾಪುರದಲ್ಲಿ, ಮಾಡಿದ ಭಾಷಣ)



ಈ ಗೋಷ್ಠಿಯಲ್ಲಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ನಮ್ಮನ್ನು ಕೇಳಿಕೊಂಡಾಗ ವಿಷಯದ ಆಯ್ಕೆಯನ್ನು ನಮಗೇ ಬಿಟ್ಟಿದ್ದರು. ವಚನ ವಾಙ್ಮಯವನ್ನೋ ಗಡಿನಾಡಿನ ಕನ್ನಡ ಶಾಲೆಗಳ ಸ್ಥಿತಿಗತಿಯನ್ನೋ ನಾವು ಆರಿಸಿಕೊಳ್ಳುವೆವೆಂದು ಅವರು ನಂಬಿದ್ದಿರಬೇಕು. ನಾವು ಆರಿಸಿಕೊಂಡದ್ದು ಆಂಗ್ಲ ದೇಶದ ಒಂದು ಪುಂಡರ ಮನೆತನದ ಕಥೆ; ಅದೂ ಗ್ರಂಥವಲ್ಲ, ದೂರದರ್ಶನದ ಧಾರಾವಾಹಿ. ಕಾರ್ಯದರ್ಶಿಗಳ ಮುಖ ತುಸು ಬಾಡಿದ್ದನ್ನು ಕಂಡೆವು. ಆದರೂ ವಿಷಯವನ್ನು ಬದಲಿಸಿರೆಂದು ಅವರು ಹೇಳಲಿಲ್ಲ. ಅದು ಅವರ ದೊಡ್ಡತನ.

ಇದಕ್ಕೆಲ್ಲ ಮೂಲ ನಮ್ಮ ಮೊಮ್ಮಗ. ಕಳೆದ ದೀಪಾವಳಿಯ ಹೊತ್ತಿಗೆ ಅವನು ಕಿವಿಯ ಸುತ್ತಲೂ ಕತ್ತಿನ ಹಿಂದೆಯೂ ಕೂದಲನ್ನು ನುಣ್ಣಗೆ ತೆಗೆಸಿ, ನೆತ್ತಿಯ ಮೇಲೆ ಮಾತ್ರ ಒಂದು ಜೊಂಪೆಯನ್ನು ಉಳಿಸಿಕೊಂಡು ಮನೆಗೆ ಬಂದ. ಅವನ ಅಜ್ಜಿ, ತಲೆಗೆ ಏನಾದರೂ ಗಾಯವಾಗಿತ್ತೇ ಎಂದು ಗಾಬರಿಗೊಂಡು ಕೇಳಿದಳು. ಅದು ಥಾಮಸ್ ಶೆಲ್ಬಿ ಎಂಬಾತನ ತಲೆಯಂತೆ! ನಮ್ಮ ಓಣಿಯ ಕ್ಷೌರಿಕನಿಗೂ ಆ ಹೆಸರು ಗೊತ್ತಿದ್ದಿತು, ನಮಗೊಬ್ಬರಿಗೇ ಗೊತ್ತಿರಲಿಲ್ಲ. ನಾವು ಗದರಿಸಿದಾಗ ಹುಡುಗ ಒಂದೇ ಮಾತು ಹೇಳಿದ: "ಅಜ್ಜಾ, ನೀವು ಸಾಲಿಯೊಳಗ ಇತಿಹಾಸ ಕಲಿಸಿದವರು. ಮೊದಲ ನೋಡ್ರಿ, ಆಮ್ಯಾಲೆ ಬೈರಿ." ನ್ಯಾಯವಾದ ಮಾತು. ನೋಡಿದೆವು. ಬೈಯುವುದಕ್ಕೆ ಕುಳಿತವರು ಮೂವತ್ತಾರು ಕಂತುಗಳನ್ನೂ ನೋಡಿ ಎದ್ದೆವು.

ಧಾರಾವಾಹಿಯ ಹೆಸರು 'ಪೀಕಿ ಬ್ಲೈಂಡರ್ಸ್'. ಬಿ.ಬಿ.ಸಿ. ಸಂಸ್ಥೆಯು 2013ರಿಂದ 2022ರವರೆಗೆ, ಆರು ಮಾಲೆಗಳಲ್ಲಿ, ಮಾಲೆಗೆ ಆರು ಕಂತಿನಂತೆ ಇದನ್ನು ಬಿತ್ತರಿಸಿತು. ನೆಟ್‌ಫ್ಲಿಕ್ಸ್ ಮೂಲಕ ಅದು ನಮ್ಮಂಥವರ ಮನೆಗಳಿಗೂ ಬಂದಿತು. ಕರ್ತೃ ಸ್ಟೀವನ್ ನೈಟ್. ಕಥೆ ನಡೆಯುವ ಸ್ಥಳ ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್ ಎಂಬ ಕಾರ್ಮಿಕರ ಕೇರಿ. ಕಾಲ 1919ರಿಂದ 1934ರ ಸುಮಾರು, ಎಂದರೆ ಎರಡು ಮಹಾಯುದ್ಧಗಳ ನಡುವಣ ಅವಧಿ. ಶೆಲ್ಬಿ ಮನೆತನದ ಅಣ್ಣ ತಮ್ಮಂದಿರು ಆರ್ಥರ್, ಥಾಮಸ್, ಜಾನ್, ಫಿನ್, ತಂಗಿ ಏಡಾ, ಇವರನ್ನೆಲ್ಲ ಹಿಡಿದಿಟ್ಟ ಸೋದರತ್ತೆ ಪಾಲಿ. ಮನೆಯೊಳಗೆ ಗುಟ್ಟಾಗಿ ಕುದುರೆ ಜೂಜಿನ ಅಂಗಡಿ. ಬೀದಿಯ ತುದಿಯಲ್ಲಿ ಗ್ಯಾರಿಸನ್ ಎಂಬ ಪಾನಗೃಹ. ಸುತ್ತ ಕುಲುಮೆಗಳ ಬೆಂಕಿ, ಹೊಗೆ, ಮಸಿ. ಜುನೀ ಮಿಲ್ಲಿನ ಚಿಮಣಿಗಳನ್ನು ಕಂಡು ಬೆಳೆದ ನಮಗೆ ಆ ಹೊಗೆ ಅಪರಿಚಿತವೆನಿಸಲಿಲ್ಲ.

ಮೊದಲ ಕಂತಿನ ಮೊದಲ ನೋಟವನ್ನು ಹೇಳಲೇಬೇಕು. ಥಾಮಸ್ ಕಪ್ಪು ಕುದುರೆಯನ್ನೇರಿ ಓಣಿಯೊಳಗೆ ಬರುತ್ತಾನೆ. ಜನ ಬಾಗಿಲುಗಳ ಹಿಂದೆ ಸರಿಯುತ್ತಾರೆ. ಚೀನೀ ಹೆಂಗಸೊಬ್ಬಳು ಆ ಕುದುರೆಯ ಮೂತಿಗೆ ಕೆಂಪು ಪುಡಿಯನ್ನು ಊದುತ್ತಾಳೆ. ಮಂತ್ರ ಹಾಕಿಸಿದ ಕುದುರೆ ಗೆದ್ದೇ ಗೆಲ್ಲುವುದೆಂಬ ಸುದ್ದಿ ಹಬ್ಬಬೇಕು. ಬಡವರು ಅದರ ಮೇಲೆ ಪಣ ಒಡ್ಡಬೇಕು. ಒಂದೆರಡು ಸಲ ಗೆಲ್ಲಿಸಿ, ಊರಿಗೆ ಊರೇ ಹಣ ಕಟ್ಟಿದ ದಿನ ಸೋಲಿಸುವುದು ಹಂಚಿಕೆ. ವೀರನೆಂದು ನಾವು ಮೆಚ್ಚಬೇಕಾದವನು ಮೊತ್ತಮೊದಲಿಗೆ ದೋಚಲು ಹೊರಡುವುದು ತನ್ನ ಕೇರಿಯ ನೆರೆಹೊರೆಯವರನ್ನೇ! ಕರ್ತೃ ಇದನ್ನು ಮುಚ್ಚಿಡಲಿಲ್ಲ. ಆದರೆ ಹಿನ್ನೆಲೆಯ ಸಂಗೀತ ಮೊಳಗಿ, ಉದ್ದನೆಯ ಕೋಟು ಗಾಳಿಗೆ ಹಾರಿ, ಕುದುರೆಯ ಗೊರಸಿನ ಸದ್ದು ಕೇಳತೊಡಗಿದರೆ ಇದನ್ನು ನೆನಪಿಡುವವರೆಷ್ಟು ಮಂದಿ? ನಮ್ಮ ಮೊಮ್ಮಗ ನೆನಪಿಟ್ಟಿರಲಿಲ್ಲ. ನಾವೂ ಎರಡನೆಯ ಸಲ ನೋಡಿದಾಗಲೇ ಗಮನಿಸಿದೆವು.

ಈ ಕಥೆ ಹುಟ್ಟಿದ ಬಗೆಯನ್ನು ಸ್ಟೀವನ್ ನೈಟ್ ಹಲವು ಕಡೆ ಹೇಳಿಕೊಂಡಿದ್ದಾರೆ. ಅವರ ತಂದೆಯ ಸೋದರಮಾವಂದಿರು ಶೆಲ್ಡನ್ ಎಂಬ ಮನೆತನದವರು. ಕಾನೂನಿಗೆ ಹೊರತಾದ ಜೂಜಿನ ವ್ಯವಹಾರ ಅವರದು. ತಂದೆ ಎಂಟೊಂಬತ್ತು ವರ್ಷದ ಬಾಲಕನಾಗಿದ್ದಾಗ ಮನೆಯವರು ಒಂದು ಚೀಟಿ ಕೊಟ್ಟು ಅವರಲ್ಲಿಗೆ ಕಳಿಸಿದರಂತೆ. ಬಾಲಕ ಅಂಜುತ್ತ ಬಾಗಿಲು ತಟ್ಟಿದ. ಒಳಗೆ ಹೊಗೆ ತುಂಬಿದ ಕೋಣೆ. ಮೇಜಿನ ಸುತ್ತ ಕಡು ಠೀಕಾದ ಉಡುಪು ತೊಟ್ಟ ಗಂಡಸರು. ಮೇಜಿನ ಮೇಲೆ ನಾಣ್ಯಗಳ ರಾಶಿ. ಕೇರಿಯಲ್ಲಿ ಯಾರ ಬಳಿಯೂ ಕಾಸಿಲ್ಲದ ದಿನಗಳವು. ಆದರೂ ಆ ಗಂಡಸರು ಬಿಯರು ಕುಡಿಯುತ್ತಿದ್ದುದು ಮುರಬ್ಬದ ಖಾಲಿ ಭರಣಿಗಳಲ್ಲಿ! ಉಡುಪಿಗೆ ಹಣ ಸುರಿಯುವವರು ಗಾಜಿನ ಲೋಟಕ್ಕೆ ಬಿಚ್ಚುತ್ತಿರಲಿಲ್ಲ. ತಂದೆಯ ಬಾಯಿಂದ ಕೇಳಿದ ಈ ಒಂದು ನೋಟದಿಂದ ಮಗ ಮೂವತ್ತಾರು ಕಂತುಗಳನ್ನು ಕಟ್ಟಿದರು. ಬಾಗಿಲಲ್ಲಿ ನಿಂತ ಎಳೆಯ ಹುಡುಗನ ಕಣ್ಣಿಗೆ ದೊಡ್ಡವರು ಹೇಗೆ ಕಂಡರೋ ಹಾಗೆಯೇ ಅವರನ್ನು ಚಿತ್ರಿಸಿದರು: ಇರುವುದಕ್ಕಿಂತ ಎತ್ತರವಾಗಿ, ಇರುವುದಕ್ಕಿಂತ ಚೆಲುವಾಗಿ.

ಅದರ ಮಾತು ಹಾಗಿರಲಿ. ಯುದ್ಧದ ಗಾಯವನ್ನು ಇಷ್ಟು ಆಳವಾಗಿ ಕಂಡ ಪುಂಡರ ಕಥೆಯನ್ನು ನಾವು ಬೇರೆ ನೋಡಿಲ್ಲ. ಥಾಮಸನು ಫ್ರಾನ್ಸಿನ ರಣರಂಗದಲ್ಲಿ ಸುರಂಗ ತೋಡುವ ಪಡೆಯಲ್ಲಿದ್ದವನು. ಆ ಕೆಲಸವೆಂಥದೆಂಬುದನ್ನು ಯೋಚಿಸಬೇಕು. ಶತ್ರುವಿನ ಕಂದಕದ ಕೆಳಗೆ ಸದ್ದಿಲ್ಲದೆ ಬಿಲ ಕೊರೆದು ಸಿಡಿಮದ್ದು ತುಂಬುವುದು. ಗುದ್ದಲಿಯ ಪೆಟ್ಟು ಕೇಳಿಸಬಾರದಾದ್ದರಿಂದ ಆಳು ಓರೆಯಾದ ಹಲಗೆಗೆ ಬೆನ್ನು ಕೊಟ್ಟು ಮಲಗಿ, ಎರಡೂ ಕಾಲುಗಳಿಂದ ಸನಿಕೆಯನ್ನು ಜೇಡಿಮಣ್ಣಿಗೆ ಒತ್ತಬೇಕು. ಎದುರಾಳಿಗಳೂ ಅತ್ತಲಿಂದ ಹಾಗೆಯೇ ಕೊರೆಯುತ್ತಿರುತ್ತಾರೆ. ಯಾರು ಮೊದಲು ಸಿಡಿಸಿದರೆ ಅವರು ಬದುಕಿದರು. ಹೀಗೆ ನೆಲದೊಳಗೆ ಬಾಳಿದವನಿಗೆ ಊರಿಗೆ ಮರಳಿದ ಮೇಲೂ ರಾತ್ರಿಯಲ್ಲಿ ಗೋಡೆಯಾಚೆ ಸನಿಕೆಗಳ ಸದ್ದು ಕೇಳುತ್ತದೆ. ಅಫೀಮಿನ ಹೊಗೆಯಿಲ್ಲದೆ ನಿದ್ರೆ ಬಾರದು. ಸರಕಾರ ಕೊಟ್ಟ ಶೌರ್ಯಪದಕಗಳನ್ನು ಅವನು ಕಾಲುವೆಗೆ ಎಸೆದಿದ್ದಾನೆ. ಡ್ಯಾನಿ ಎಂಬ ಅವನ ಗೆಳೆಯನಿಗೆ ಹಾಡುಹಗಲಿನಲ್ಲಿ ರಣರಂಗ ಕಣ್ಣ ಮುಂದೆ ಬರುತ್ತದೆ. ಆ ಭ್ರಮೆಯಲ್ಲಿ ಒಬ್ಬನನ್ನು ಕೊಂದೇಬಿಡುತ್ತಾನೆ. ಅವನೂ ಕೊಲೆಗಾರನೇ, ಅವನೂ ಗಾಯಾಳುವೇ. ಯಾವ ನ್ಯಾಯಾಸನ ಇದನ್ನು ತೀರ್ಮಾನಿಸೀತು?

ಇನ್ನು ಪಾಲಿ. ಗಂಡಸರೆಲ್ಲ ಯುದ್ಧಕ್ಕೆ ಹೋದಾಗ ವ್ಯವಹಾರವನ್ನು ನಡೆಸಿದವಳು ಈ ಅತ್ತೆ. ಅವರು ಮರಳಿದೊಡನೆ ಕೀಲಿಕೈ ಅವರಿಗೆ. ಇವಳಿಗೆ ಮತ್ತೆ ಎರಡನೆಯ ಮಣೆ. ಆ ಕಾಲದ ಎಷ್ಟೋ ಕಾರ್ಖಾನೆಗಳಲ್ಲಿ ಹೆಂಗಸರ ಪಾಡು ಇದೇ ಆಗಿದ್ದಿತು. ಹೆಲೆನ್ ಮೆಕ್ರೋರಿ ಎಂಬ ನಟಿ ಈ ಪಾತ್ರಕ್ಕೆ ಜೀವ ತುಂಬಿದರು. 2021ರಲ್ಲಿ ಅವರು ತೀರಿಕೊಂಡರು. ಅವರಿಲ್ಲದ ಆರನೆಯ ಮಾಲೆ ಯಜಮಾನಿಯಿಲ್ಲದ ಮನೆಯಂತೆ ನಮಗೆ ತೋರಿತು.

ಈ ಮನೆತನದ ಕಸುಬಿನ ವಿಚಾರದಲ್ಲಿ ಸ್ವಲ್ಪ ಕಾನೂನು ತಿಳಿಯಬೇಕು. ಕುದುರೆ ಪಂದ್ಯದ ಮೈದಾನದಲ್ಲಿ ಪಣ ಒಡ್ಡುವುದು ಇಂಗ್ಲೆಂಡಿನಲ್ಲಿ ಅಪರಾಧವಾಗಿರಲಿಲ್ಲ. ಖಾತೆಯಿಟ್ಟ ಶ್ರೀಮಂತನು ದೂರವಾಣಿಯಲ್ಲಿ ತನ್ನ ಬುಕ್ಕಿಗೆ ಹೇಳಿ ಉದ್ದರಿಯಾಗಿ ಪಣ ಒಡ್ಡಿದರೂ ಅಪರಾಧವಲ್ಲ. ಆದರೆ ಕಾರ್ಖಾನೆಯ ಕೂಲಿಯವನು ಆರು ಪೆನ್ನಿ ನಗದನ್ನು ಚೀಟಿಯಲ್ಲಿ ಸುತ್ತಿ ಓಣಿಯ ಮೂಲೆಯಲ್ಲಿ ಕೊಟ್ಟರೆ, 1906ರ ಬೀದಿ ಜೂಜಿನ ಶಾಸನದಂತೆ ಅದನ್ನು ಇಸಿದುಕೊಂಡವನಿಗೆ ಪೋಲೀಸರ ಕಾಟ. ಜೂಜಿನ ಅಂಗಡಿಗಳಿಗೆ ಅಲ್ಲಿ ಪರವಾನಗಿ ದೊರೆತದ್ದು 1961ರಲ್ಲಿ. ಒಂದೇ ಕೃತ್ಯ, ಹಣವುಳ್ಳವನಿಗೆ ವಿನೋದ, ಇಲ್ಲದವನಿಗೆ ಗುನ್ಹೆ! ಇಂಥ ಕಾನೂನು ಇರುವಲ್ಲಿ ಕೇರಿಗೊಂದು ಶೆಲ್ಬಿ ಮನೆತನ ಹುಟ್ಟದಿದ್ದರೆ ಆಶ್ಚರ್ಯ. ಮೈದಾನದಲ್ಲಿಯೂ ಬುಕ್ಕಿಗಳಿಂದ ರಕ್ಷಣೆಯ ಹೆಸರಿನಲ್ಲಿ ಹಫ್ತಾ ಎತ್ತುವ ಟೋಳಿಗಳಿದ್ದವು. ಬರ್ಮಿಂಗ್‌ಹ್ಯಾಮಿನ ಬಿಲ್ಲಿ ಕಿಂಬರ್, ಲಂಡನ್ನಿನ ಡಾರ್ಬಿ ಸಬೀನಿ, ಇಬ್ಬರೂ ನಿಜವಾಗಿ ಬಾಳಿದವರು. 1921ರ ಜೂನಿನಲ್ಲಿ ಎಪ್ಸಮ್ ಪಂದ್ಯದ ನಂತರ ಬರ್ಮಿಂಗ್‌ಹ್ಯಾಮಿನವರು ದಾರಿಯಲ್ಲಿ ಹೊಂಚಿ ವೈರಿಗಳ ಮೇಲೆ ಬಿದ್ದರು. ಹೊಡೆದ ಮೇಲೆ ನೋಡಿದರೆ ಅವರು ವೈರಿಗಳಲ್ಲ, ಲೀಡ್ಸ್ ನಗರದ ಬುಕ್ಕಿಗಳು! ಪುಂಡಾಟಿಕೆಯ ನಿಜಸ್ವರೂಪ ಧಾರಾವಾಹಿಯ ಎಷ್ಟೋ ಕಾಳಗಗಳಿಗಿಂತ ಈ ಪೆದ್ದತನದಲ್ಲಿ ಚೆನ್ನಾಗಿ ಕಾಣುತ್ತದೆ.

ಇತಿಹಾಸದ ಮೇಷ್ಟ್ರಾದ ನಾವು ಕೆಂಪು ಶಾಯಿಯನ್ನು ಎಷ್ಟು ದಿನ ಮುಚ್ಚಿಡಲಾದೀತು? ಧಾರಾವಾಹಿಯಲ್ಲಿ ಕಿಂಬರ್ 1919ರಲ್ಲೇ ಗುಂಡಿಗೆ ಬಲಿಯಾಗುತ್ತಾನೆ. ನಿಜದ ಕಿಂಬರ್ 1945ರವರೆಗೆ ಬದುಕಿದ್ದ. 'ಪೀಕಿ ಬ್ಲೈಂಡರ್' ಎಂಬ ಹೆಸರು ಕೂಡ ಯುದ್ಧಾನಂತರದ್ದಲ್ಲ, 1890ರ ದಶಕದ್ದು. ಟೊಪ್ಪಿಗೆಯ ಅಂಚಿನಲ್ಲಿ ಕ್ಷೌರದ ಅಲಗು ಹೊಲಿದುಕೊಂಡು ಶತ್ರುವಿನ ಕಣ್ಣಿಗೆ ಬೀಸುತ್ತಿದ್ದರೆಂಬುದು ಕಟ್ಟುಕಥೆ. ಎಸೆಯಬಹುದಾದ ತೆಳುವಾದ ಅಲಗುಗಳು ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದೇ 1903ರಲ್ಲಿ. ಮುಂಚಾಚಿನ ಟೊಪ್ಪಿಗೆಯನ್ನು ಕಣ್ಣಿನ ಮೇಲೆ ಎಳೆದುಕೊಳ್ಳುತ್ತಿದ್ದುದರಿಂದ ಆ ಹೆಸರು ಬಂದಿರಬೇಕು. 1890ರ ಮಾರ್ಚಿನಲ್ಲಿ ಜಾರ್ಜ್ ಈಸ್ಟ್‌ವುಡ್ ಎಂಬಾತನು ಪಾನಗೃಹದಲ್ಲಿ ಮದ್ಯವನ್ನು ಬಿಟ್ಟು ಶುಂಠಿಯ ಪಾನೀಯವನ್ನು ತರಿಸಿಕೊಂಡನೆಂಬ ನೆಪಕ್ಕೆ ಅವನ ತಲೆಬುರುಡೆ ಒಡೆಯುವಂತೆ ಬಡಿದರು. 1897ರಲ್ಲಿ ಜಾರ್ಜ್ ಸ್ನೈಪ್ ಎಂಬ ಪೋಲೀಸಿನವನು ಅವರು ಎಸೆದ ಇಟ್ಟಿಗೆಯಿಂದ ಸತ್ತ. ಇವರನ್ನು ಅಡಗಿಸಲು ನೆರವಾದ ಅಧಿಕಾರಿ ಚಾರ್ಲ್ಸ್ ರಾಫ್ಟರ್ 1899ರಲ್ಲಿ ಬೆಲ್‌ಫಾಸ್ಟಿನಿಂದ ಬಂದವನು. ಧಾರಾವಾಹಿಯ ಕ್ಯಾಂಪ್‌ಬೆಲ್ಲನೂ ಬೆಲ್‌ಫಾಸ್ಟಿನಿಂದಲೇ ಬರುತ್ತಾನೆ, ಆದರೆ ಇಪ್ಪತ್ತು ವರ್ಷ ತಡವಾಗಿ, ಮತ್ತು ಬಹಳ ಕೆಟ್ಟವನಾಗಿ.

ಕಾಲವ್ಯತ್ಯಾಸವನ್ನು ನಾವು ಕ್ಷಮಿಸಿಯೇವು. ನಾಟಕಕಾರನಿಗೆ ಅಷ್ಟು ಸ್ವಾತಂತ್ರ್ಯವಿದೆ. ಕ್ಷಮಿಸಲಾರದ್ದು ಜೆಸ್ಸಿ ಈಡನ್ ಎಂಬಾಕೆಯ ಪಾತ್ರ. ಇವರು ನಿಜವಾದ ಕಾರ್ಮಿಕ ನಾಯಕಿ. 1926ರ ಸಾರ್ವತ್ರಿಕ ಮುಷ್ಕರದಲ್ಲಿ ಲೂಕಸ್ ಕಾರ್ಖಾನೆಯ ತಮ್ಮ ವಿಭಾಗದ ಹೆಂಗಸರನ್ನು ಕೆಲಸ ನಿಲ್ಲಿಸುವಂತೆ ಮಾಡಿದರು. 1931ರಲ್ಲಿ ಅದೇ ಕಾರ್ಖಾನೆಯ ಸುಮಾರು 10,000 ಹೆಂಗಸರ ಮುಷ್ಕರಕ್ಕೆ ಮುಂದಾಳಾದರು. ಅಂಥವರು ಧಾರಾವಾಹಿಯಲ್ಲಿ ಥಾಮಸನ ಪ್ರಣಯಕ್ಕೂ ವಂಚನೆಗೂ ಈಡಾಗುವ ಒಬ್ಬಾಕೆ ಮಾತ್ರ! ಗಿರಣಿಯ ಮುಷ್ಕರಗಳನ್ನು ಕಂಡ ಊರಿನವರಾದ ನಮಗೆ ಇದು ಚುಚ್ಚಿತು. ಅದಕ್ಕೆ ಹೋಲಿಸಿದರೆ ಆಸ್ವಾಲ್ಡ್ ಮೋಸ್ಲಿಯ ಭಾಗ ಗಂಭೀರವಾಗಿದೆ. 1932ರಲ್ಲಿ ಬ್ರಿಟಿಷ್ ಫ್ಯಾಸಿಸ್ಟ್ ಸಂಘವನ್ನು ಕಟ್ಟಿದ ಈತ ಬರ್ಮಿಂಗ್‌ಹ್ಯಾಮಿನ ಮಗ್ಗುಲ ಸ್ಮೆದಿಕ್ಕಿನಿಂದ ಪಾರ್ಲಿಮೆಂಟಿಗೆ ಆರಿಸಿಬಂದಿದ್ದವನು. ಅಷ್ಟುಹೊತ್ತಿಗೆ ಪಾರ್ಲಿಮೆಂಟಿನ ಸದಸ್ಯನೇ ಆಗಿರುವ ಥಾಮಸನು, ತನಗಿಂತ ಮಿಗಿಲಾದ ಕೇಡಿಗ, ಒಂದೂ ಗುಂಡು ಹಾರಿಸದವನು, ಎದುರಿಗೆ ನಿಂತದ್ದನ್ನು ಕಂಡು ಬೆಚ್ಚುತ್ತಾನೆ.

ಭಾಷೆಯ ಬಗ್ಗೆ ಒಂದು ಮಾತು. ಗಡಿನಾಡಿನವರ ಎದುರು ಇದನ್ನು ಆಡದೆ ಹೋದರೆ ತಪ್ಪಾದೀತು. ಬರ್ಮಿಂಗ್‌ಹ್ಯಾಮಿನವರ ಉಚ್ಚಾರ ಇಂಗ್ಲೆಂಡಿನಲ್ಲಿ ಬಹುಕಾಲದಿಂದ ನಗೆಪಾಟಲು. ನಾಟಕಗಳಲ್ಲಿ ಆ ಧಾಟಿ ಪೆದ್ದನಿಗೆ ಮೀಸಲು. ಕಾರ್ಕ್ ನಗರದ ಐರಿಶ್ ನಟ ಕಿಲಿಯನ್ ಮರ್ಫಿ ಅದನ್ನು ಕಲಿತು, ತಗ್ಗಿದ ದನಿಯಲ್ಲಿ, ರಾಜಗಾಂಭೀರ್ಯದಿಂದ ಆಡಿದರು. ಜಗತ್ತು ಕಿವಿಗೊಟ್ಟು ಕೇಳಿತು. ಬೆಂಗಳೂರಿಗೆ ಹೋದಾಗ ನಮ್ಮ ಸೊಲ್ಲಾಪುರದ ಕನ್ನಡಕ್ಕೆ ಯಾರಾದರೂ ಮುಗುಳ್ನಕ್ಕ ಅನುಭವ ಈ ಸಭೆಯಲ್ಲಿ ಯಾರಿಗಿಲ್ಲ?

ಈಗ ನಾವು ಇಷ್ಟು ಹೊತ್ತು ಸುತ್ತಿ ಬಂದ ಸ್ಥಳಕ್ಕೆ ಬರುತ್ತೇವೆ. ಬರ್ಮಿಂಗ್‌ಹ್ಯಾಮಿನಲ್ಲಿ ಕಾರ್ಲ್ ಚಿನ್ ಎಂಬ ಇತಿಹಾಸಕಾರರಿದ್ದಾರೆ. ಅವರ ತಂದೆ, ತಾತ ಬುಕ್ಕಿಗಳು. ಮುತ್ತಾತನಂತೂ ನಿಜವಾದ ಪೀಕಿ ಬ್ಲೈಂಡರ್. ಆ ಮುತ್ತಾತನು ಕುದುರೆಯೇರಿದ ವೀರನಲ್ಲ. ಚಿಲ್ಲರೆ ಕಳ್ಳ, ಹೆಂಡತಿಯನ್ನು ಬಡಿಯುತ್ತಿದ್ದ ಕ್ರೂರಿ ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಒಂದೇ ನಗರ, ಒಂದೇ ಬಗೆಯ ಮನೆತನ. ಒಬ್ಬರು ಬಾಗಿಲಲ್ಲಿ ನಿಂತ ಹುಡುಗ ಕಂಡದ್ದನ್ನು ಹೇಳಿದರು. ಇನ್ನೊಬ್ಬರು ಬಾಗಿಲ ಹಿಂದೆ ಪೆಟ್ಟು ತಿಂದ ಹೆಂಗಸಿನ ಪಾಡನ್ನು ಹೇಳಿದರು. ಎರಡನ್ನೂ ಓದಿದ ಮೇಲೆ, ನಮ್ಮ ಊರಲ್ಲಿ ಅದೇ ವರುಷಗಳ ಕಥೆಯನ್ನು ಯಾರು ಹೇಳಿದ್ದಾರೆ ಎಂಬ ಪ್ರಶ್ನೆ ನಮ್ಮನ್ನು ಬಿಡಲಿಲ್ಲ.

ಶೆಲ್ಬಿ ಮನೆತನ ಜಿಪ್ಸಿ ರಕ್ತದ್ದು. ಆ ರೋಮಾನಿ ಜನರ ಮೂಲ ನುಡಿ ಭಾರತದ್ದೆಂದು ಪಂಡಿತರು 1782ರಷ್ಟು ಹಿಂದೆಯೇ ತೋರಿಸಿದರು. ನೀರಿಗೆ ಅವರೂ 'ಪಾನಿ' ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಜಿಪ್ಸಿಯನ್ನು ಅನುಮಾನದಿಂದ ನೋಡಿದ ಅದೇ ಆಳರಸರು ನಮ್ಮಲ್ಲಿ 1871ರಲ್ಲಿ ಗುನ್ಹೆಗಾರ ಜಾತಿಗಳ ಶಾಸನವನ್ನು ಮಾಡಿದರು; 1911ರಲ್ಲಿ ಅದನ್ನು ಮುಂಬಯಿ ಪ್ರಾಂತಕ್ಕೂ ವಿಸ್ತರಿಸಿದರು. ತಪ್ಪು ಮಾಡಿದವನಷ್ಟೇ ಅಲ್ಲ, ಹುಟ್ಟಿದ ಕೂಸೂ ಗುನ್ಹೆಗಾರನೇ. ಸೊಲ್ಲಾಪುರದ ಸೆಟ್ಲಮೆಂಟು ನಿಮಗೆಲ್ಲ ಗೊತ್ತು; ಆ ಹೆಸರು ಇಂದಿಗೂ ಬಡಾವಣೆಗಳಿಗೆ ಅಂಟಿಕೊಂಡಿದೆ. ಕೈಕಾಡಿ, ಪಾರಧಿ, ಟಕಾರಿ ಮೊದಲಾದ ಜನರನ್ನು ಅಲ್ಲಿ ಮುಳ್ಳುತಂತಿಯೊಳಗೆ ಕೂಡಿಹಾಕಿ, ಹಾಜರಿ ಹಿಡಿದು, ಗಿರಣಿಗಳ ದುಡಿಮೆಗೆ ಕಳಿಸುತ್ತಿದ್ದರು. ಆ ಶಾಸನ ರದ್ದಾದದ್ದು 1952ರ ಆಗಸ್ಟಿನಲ್ಲಿ. ಥಾಮಸ್ ಶೆಲ್ಬಿಯ ಕಾಲವೆಂದು ತೆರೆಯ ಮೇಲೆ ಕಾಣುವ ವರುಷಗಳಲ್ಲಿ ಇದೆಲ್ಲ ಇಲ್ಲಿ ನಡೆಯುತ್ತಿದ್ದಿತು. ಪುಂಡನ ಕ್ಷೌರವನ್ನು ನಮ್ಮ ಹುಡುಗರು ಹಣ ಕೊಟ್ಟು ಮಾಡಿಸಿಕೊಳ್ಳುತ್ತಾರೆ. ಸೆಟ್ಲಮೆಂಟಿನ ವಿಳಾಸ ಬರೆದ ಹುಡುಗನಿಗೆ ನೌಕರಿ ಕೊಡಲು ಹಿಂಜರಿದವರನ್ನು ನಾವೇ ಕಂಡಿದ್ದೇವೆ.

ನಮ್ಮ ತಂದೆಯವರು ಬಾಲಕರಾಗಿದ್ದಾಗ, ಅವರ ತಂದೆಗೆ ದಿನವೂ ಗಿರಣಿಗೆ ಬುತ್ತಿ ಒಯ್ಯುತ್ತಿದ್ದರು. ದಾರಿ ಆ ತಂತಿಯ ಪಕ್ಕದಲ್ಲಿ. ಒಂದು ದಿನ ಒಳಗಿನಿಂದ ಅವರದೇ ವಯಸ್ಸಿನ ಹುಡುಗನೊಬ್ಬ ತಂತಿಗೆ ಮುಖ ತಂದು, ಬುತ್ತಿಯಲ್ಲಿ ಏನಿದೆ ಎಂದು ಕೇಳಿದನಂತೆ. ತಂದೆಯವರು ಈ ಕಥೆಯನ್ನು ಎಷ್ಟು ಸಲ ಹೇಳಿದರೂ ಇಲ್ಲಿಗೇ ನಿಲ್ಲಿಸುತ್ತಿದ್ದರು. "ನೀವು ಏನಂದಿರಿ ಅಪ್ಪಾ?" ಎಂದು ನಾವು ಕೇಳಿದರೆ, ಗಿರಣಿಯ ಭೋಂಗಾ ಆಯಿತು, ಓಡಿದೆ ಎನ್ನುತ್ತಿದ್ದರು. ಉತ್ತರ ಕೊಟ್ಟರೋ ಇಲ್ಲವೋ, ರೊಟ್ಟಿ ಕೊಟ್ಟರೋ ಇಲ್ಲವೋ, ಅವರೊಡನೆಯೇ ಹೋಯಿತು. ಆ ಹುಡುಗ ಇದೇ ಕಥೆಯನ್ನು ತನ್ನ ಮಕ್ಕಳಿಗೆ ಹೇಗೆ ಹೇಳಿದನೋ ನಾವು ಯಾರೂ ಕೇಳಹೋಗಲಿಲ್ಲ.

ಮೊಮ್ಮಗನಿಗೆ ಇದನ್ನು ಹೇಳಿದೆವು. ಅವನು ತನ್ನ ಕಾಲೇಜಿನಲ್ಲಿ ಸೆಟ್ಲಮೆಂಟಿನ ಗೆಳೆಯನೊಬ್ಬನಿರುವನೆಂದೂ, ಅವನ ಅಜ್ಜಿಗೆ ಎಂಬತ್ತೆಂಟು ವರ್ಷವೆಂದೂ, ಆಕೆಗೆ ಆ ತಂತಿ ಚೆನ್ನಾಗಿ ನೆನಪಿದೆಯೆಂದೂ ಹೇಳಿದ. ಬರುವ ರವಿವಾರ ಮುಂಜಾನೆ ಆಕೆ ನಮ್ಮನ್ನು ಬರಹೇಳಿದ್ದಾರೆ. ಆಕೆ ಮಾತನಾಡುವುದು ಮರಾಠಿ ಬೆರೆತ ತಮ್ಮ ನುಡಿಯಲ್ಲಿ. ಬರೆದುಕೊಳ್ಳುವುದು ನಮ್ಮ ಕನ್ನಡದಲ್ಲಿ. ಹುಡುಗ ದೂರವಾಣಿಯಲ್ಲಿ ದನಿ ಹಿಡಿಯುತ್ತಾನಂತೆ. ಈ ಸಭೆಯಲ್ಲಿ ಆ ದಾರಿಯನ್ನು ತುಳಿದ ಹಿರಿಯರು ಯಾರಾದರೂ ಇದ್ದರೆ, ಊಟವಾದ ಮೇಲೆ ಪಡಸಾಲೆಯಲ್ಲಿ ನಮ್ಮನ್ನು ಕಾಣಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ನಮ್ಮ ಬಳಿ ವಹಿಯೂ ಲೇಖನಿಯೂ ಇವೆ.